ಕಂಪ್ಯೂಟರ್ ಕೈಕೊಟ್ಟಾಗ ಹಾಡುಗಳ ಸಂಗ್ರಹವನ್ನು ಮರಳಿ ಪಡೆಯುವುದು ಹೇಗೆ?

ಕೆಟ್ಟು ನಿಂತ ಕಂಪ್ಯೂಟರಿನೊಳಗೆ ಹಾಡುಗಳು ಎಷ್ಟೋ ಸಲ ಇದ್ದಲ್ಲೇ ಇರುತ್ತವೆ. ಅವುಗಳಿಗೆ ನಿಜವಾದ ಕುತ್ತು ಬರುವುದು ಆಮೇಲೆ, ಗಾಬರಿಯಲ್ಲಿ ನಾವು ಒತ್ತುವ ಗುಂಡಿಗಳಿಂದ. ವಿಂಡೋಸ್ ಮರುಸ್ಥಾಪನೆ, ಫಾರ್ಮ್ಯಾಟ್, ಸಿಕ್ಕಸಿಕ್ಕ ರಿಪೇರಿ ತಂತ್ರಾಂಶ, ಹಾಡು ತುಂಬಿದ ಐಪಾಡನ್ನು ಖಾಲಿ ಕಂಪ್ಯೂಟರಿಗೆ ಜೋಡಿಸುವುದು ಎಲ್ಲವೂ ಉಳಿದದ್ದನ್ನು ಅಳಿಸಿಹಾಕಬಲ್ಲ ಕೆಲಸಗಳೇ. ಹಾಗಾಗಿ ಮೊದಲು ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತಿಡಿ. ಆಮೇಲೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ.

ಹೋದದ್ದು ಏನು, ಬರೆದಿಡಿ

ಸಂಗ್ರಹದಲ್ಲಿದ್ದ ಎಲ್ಲ ಹಾಡಿಗೂ ಒಂದೇ ಬೆಲೆ ಇರುವುದಿಲ್ಲ. ಅಂಗಡಿಯಲ್ಲಿ ಕೊಂಡು ಇಳಿಸಿಕೊಂಡದ್ದನ್ನು ಬಹುಪಾಲು ಮತ್ತೆ ಇಳಿಸಿಕೊಳ್ಳಬಹುದು. ಸಿಡಿಯಿಂದ ಮಾಡಿಕೊಂಡದ್ದನ್ನು, ಸಿಡಿ ಕಪಾಟಿನಲ್ಲಿ ಇರುವವರೆಗೆ, ಮತ್ತೆ ಮಾಡಿಕೊಳ್ಳಬಹುದು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಏರಿಸಿದ ಹಳೆಯ ಕಚೇರಿ, ಮನೆಯವರ ದನಿಯಲ್ಲಿ ಹಿಡಿದಿಟ್ಟ ಹಾಡು, ನೀವೇ ನುಡಿಸಿ ಮುದ್ರಿಸಿಕೊಂಡದ್ದು, ಇವು ಮಾತ್ರ ಲೋಕದಲ್ಲಿ ಇನ್ನೆಲ್ಲಿಯೂ ಸಿಗುವುದಿಲ್ಲ. ಹಾಳೆಯ ಮೇಲ್ತುದಿಯಲ್ಲಿ ಬರಬೇಕಾದದ್ದು ಇವೇ. ಸಾಯುತ್ತಿರುವ ಡಿಸ್ಕಿನಿಂದ ಒಂದಷ್ಟನ್ನು ಮಾತ್ರ ಹೊರತೆಗೆಯಲು ಅವಕಾಶ ಸಿಕ್ಕರೆ ಯಾವ ಫೋಲ್ಡರಿಗೆ ಮೊದಲು ಕೈ ಹಾಕಬೇಕೆಂದು ಆ ಗಳಿಗೆಯಲ್ಲಿ ಯೋಚಿಸುತ್ತ ಕೂರಲು ಆಗದು.

ಎರಡನೆಯ ಗುಂಪಿನವನ್ನು ಡಿಸ್ಕಿನ ಅವಶೇಷಗಳಿಂದ ಹೆಕ್ಕುವುದಕ್ಕಿಂತ ಸಿಡಿಯಿಂದ ಹೊಸದಾಗಿ ತೆಗೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಮಯ ಹೆಚ್ಚು ಹಿಡಿದರೂ ಫಲಿತಾಂಶ ಅಚ್ಚುಕಟ್ಟಾಗಿರುತ್ತದೆ. ಹಳೆಯ ಕಾಲದಲ್ಲಿ ಜಾಗ ಉಳಿಸಲೆಂದು 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) ಇಟ್ಟುಕೊಂಡಿದ್ದನ್ನು ಈ ನೆಪದಲ್ಲಿ ಫ್ಲ್ಯಾಕ್ (ಧ್ವನಿಯ ಗುಣಮಟ್ಟ ಕುಗ್ಗದ ಫೈಲ್ ಬಗೆ) ಮಾಡಿಕೊಳ್ಳಲೂಬಹುದು.

ಕೆಟ್ಟದ್ದು ಯಂತ್ರವೋ ಡಿಸ್ಕೋ?

ಪವರ್ ಸಪ್ಲೈ ಸುಟ್ಟಿರಬಹುದು, ಮದರ್‌ಬೋರ್ಡ್ ಹೋಗಿರಬಹುದು, ಪರದೆ ಒಡೆದಿರಬಹುದು, ವಿಂಡೋಸ್ ಏಳದೆ ನೀಲಿ ಪರದೆಯಲ್ಲಿ ನಿಂತಿರಬಹುದು. ಈ ನಾಲ್ಕರಲ್ಲಿಯೂ ಡಿಸ್ಕ್ ಆರೋಗ್ಯವಾಗಿಯೇ ಇರುವ ಸಾಧ್ಯತೆ ಹೆಚ್ಚು. ಯಂತ್ರ ಇನ್ನೂ ಚಾಲೂ ಆಗುತ್ತದೆ, ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟುವಿನಂಥ ಲಿನಕ್ಸ್ ಅನ್ನು (ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಪೆನ್‌ಡ್ರೈವಿಗೆ ಹಾಕಿಕೊಂಡು, ಕೆಟ್ಟ ಯಂತ್ರವನ್ನು ಅದರಿಂದಲೇ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತದೆ ‘ಟ್ರೈ’ ಆಯ್ಕೆಯಲ್ಲಿ ಒಳಹೊಕ್ಕರೆ ಹಳೆಯ ಡಿಸ್ಕಿನ ಫೋಲ್ಡರುಗಳು ತೆರೆದುಕೊಳ್ಳುತ್ತವೆ. ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಬಹುದು.

ಯಂತ್ರವೇ ಸತ್ತಿದ್ದರೆ ಡಿಸ್ಕನ್ನು ಹೊರತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸಬೇಕು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಸಾಟಾದಿಂದ (ಡಿಸ್ಕಿನ ಕೊಂಡಿಯ ಬಗೆ) ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಒಂದಿದ್ದರೆ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಪೂರೈಕೆಯೂ ಬೇಕಾದ್ದರಿಂದ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರುವಂಥದನ್ನೇ ಕೊಳ್ಳಿ. ಚ್ಯೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿಗಳಲ್ಲಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕುಗಳು) ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಬಗೆಯಿವೆ. ಡಿಸ್ಕಿನ ಮೇಲಿನ ಚೀಟಿ ಓದಿ, ಅದಕ್ಕೆ ಹೊಂದುವ ಯುಎಸ್‌ಬಿ ಕವಚವನ್ನೇ ತನ್ನಿ.

ಇಲ್ಲಿ ಎರಡು ಬಾಗಿಲುಗಳು ಮುಚ್ಚಿರಬಹುದು. ವಿಂಡೋಸ್ ಡಿಸ್ಕಿನ ಮೇಲೆ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ಹಾಕುವ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ತಾವು ಅದನ್ನು ಹಾಕಿಯೇ ಇಲ್ಲ ಎನ್ನುವವರೂ ತಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ನೋಡಲಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಚಾಲೂ ಆಗಿ, ಕೀ ಅಲ್ಲಿಗೆ ಹೋಗಿ ಕುಳಿತಿರುತ್ತದೆ. ಹೊಸ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮಾಹಿತಿಯನ್ನು ಆ ಬೋರ್ಡಿನ ಚಿಪ್ಪಿನ ಕೀಲಿಯಿಂದಲೇ ಗೂಢಲಿಪಿಗೆ ಹಾಕಿರುತ್ತಾರೆ. ಅಲ್ಲಿ ಬೋರ್ಡ್ ಸತ್ತರೆ ಡಿಸ್ಕ್ ತೆಗೆದು ಓದುವ ಮಾತೇ ಇಲ್ಲ. ಬೋರ್ಡನ್ನೇ ಬದುಕಿಸಬೇಕು, ಇಲ್ಲವೇ ಬ್ಯಾಕಪ್ ಹುಡುಕಬೇಕು.

ಜೋಡಿಸಿದೊಡನೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಹೇಳಿದರೆ ‘ಕ್ಯಾನ್ಸಲ್’ ಒತ್ತಿ. ಅದು ಸಲಹೆಯಂತೆ ಕಂಡರೂ ‘ನನಗಿದು ಓದಲು ಬರುತ್ತಿಲ್ಲ’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ.

ಡಿಸ್ಕ್ ಸರಿಯಿದ್ದರೆ

ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹಳೆಯ ಹೆಸರು, ಅದರೊಳಗೆ ಮ್ಯೂಸಿಕ್. ಅನುಮತಿ ಇಲ್ಲ ಎಂದು ಹೇಳಿದರೆ ‘ಕಂಟಿನ್ಯೂ’ ಒತ್ತಿ ಸ್ವಲ್ಪ ಕಾಯಿರಿ. ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ ಫೋಲ್ಡರುಗಳನ್ನೂ ನೋಡಿ. ಹಾಡುಗಳು ಅಲ್ಲೇ ಬಿದ್ದಿರುವುದು ಉಂಟು. ಯಾರೋ ಈಗಾಗಲೇ ವಿಂಡೋಸ್ ಅನ್ನು ಮತ್ತೆ ಹಾಕಿಬಿಟ್ಟಿದ್ದರೆ ಸಿ ಡ್ರೈವಿನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇದೆಯೇ ಎಂದು ಇವತ್ತೇ ನೋಡಿ. ಹತ್ತು ದಿನ ಕಳೆದ ಮೇಲೆ ವಿಂಡೋಸ್ ಅದನ್ನು ತಾನಾಗಿಯೇ ಅಳಿಸುತ್ತದೆ.

ಹಾಡುಗಳನ್ನು ಮಾತ್ರ ಎತ್ತಿಕೊಂಡು ಬರಬೇಡಿ. ಆ್ಯಪಲ್‌ನ ಹಾಡಿನ ತಂತ್ರಾಂಶವಾದ ಐಟ್ಯೂನ್ಸ್ ಬಳಸುತ್ತಿದ್ದವರ ಮ್ಯೂಸಿಕ್ ಫೋಲ್ಡರಿನಲ್ಲಿ ಐಟ್ಯೂನ್ಸ್ ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ‘ಐಟ್ಯೂನ್ಸ್ ಲೈಬ್ರರಿ.ಐಟಿಎಲ್’ ಎಂಬ ಚಿಕ್ಕ ಫೈಲ್. ಯಾವ ಹಾಡನ್ನು ಎಷ್ಟು ಸಲ ಕೇಳಿದಿರಿ, ಯಾವುದಕ್ಕೆ ಎಷ್ಟು ನಕ್ಷತ್ರ ಕೊಟ್ಟಿರಿ, ಪ್ಲೇಲಿಸ್ಟುಗಳು ಯಾವುವು ಎಂಬುದೆಲ್ಲ ಇರುವುದು ಹಾಡಿನ ಫೈಲುಗಳಲ್ಲಿ ಅಲ್ಲ, ಇದರಲ್ಲಿ. ಹೊಸ ಮ್ಯಾಕ್‌ಗಳ ಮ್ಯೂಸಿಕ್ ಆ್ಯಪಿನಲ್ಲಿ ಇದೇ ಕೆಲಸವನ್ನು ‘ಮ್ಯೂಸಿಕ್‌ಲೈಬ್ರರಿ’ ಎಂಬ ಕೊನೆಯುಳ್ಳ ಫೈಲ್ ಮಾಡುತ್ತದೆ. ಬೇರೆ ಪ್ಲೇಯರುಗಳು ತಮ್ಮ ದಾಖಲೆಯನ್ನು ಸಾಮಾನ್ಯವಾಗಿ ಅಡಗಿರುವ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇಡುತ್ತವೆ. ಅದನ್ನು ಇಡಿಯಾಗಿ ನಕಲು ಮಾಡಿಕೊಂಡರೆ ನಷ್ಟವೇನಿಲ್ಲ.

ಡಿಸ್ಕೇ ಹದಗೆಟ್ಟಿದ್ದರೆ

ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು, ಉಜ್ಜುವ ದನಿ, ತಿರುಗಲು ಹೋಗಿ ನಿಲ್ಲುವುದು: ಇಷ್ಟು ಕೇಳಿಸಿದರೆ ವಿದ್ಯುತ್ ತೆಗೆಯಿರಿ. ಓದುವ ಹೆಡ್ಡು ತಟ್ಟೆಯ ಮೇಲ್ಮೈಯನ್ನು ಗೀಚುತ್ತಿರಬಹುದು. ಹಾಗಿದ್ದರೆ ಅದು ಓಡುವ ಪ್ರತಿ ನಿಮಿಷವೂ ಮಾಹಿತಿಯನ್ನು ಪುಡಿ ಮಾಡುವ ನಿಮಿಷವೇ. ಫ್ರೀಜರಿನಲ್ಲಿ ಇಟ್ಟರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ, ಕಿವಿಗೆ ಹಾಕಿಕೊಳ್ಳಬೇಡಿ. ಒಳಗೆ ತೇವ ಕಟ್ಟಿಕೊಂಡರೆ ಇದ್ದ ಆಸೆಯೂ ಹೋಯಿತು. ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ. ಇಂಥ ಡಿಸ್ಕ್ ಧೂಳಿಲ್ಲದ ಕೋಣೆಯಿರುವ ರಿಕವರಿ ಪ್ರಯೋಗಾಲಯಕ್ಕೆ ಹೋಗಬೇಕು. ಅದು ದುಬಾರಿ. ಹಾಳೆಯ ಮೇಲ್ತುದಿಯಲ್ಲಿ ನೀವು ಬರೆದ ಸಾಲುಗಳು ಆ ಖರ್ಚಿಗೆ ತಕ್ಕವೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಸದ್ದಿಲ್ಲ, ಆದರೆ ನಕಲು ಮಾಡುವಾಗ ನಡುನಡುವೆ ನಿಲ್ಲುತ್ತದೆ, ದೋಷ ತೋರಿಸುತ್ತದೆ ಎನ್ನುವ ಡಿಸ್ಕ್ ಬೇರೆ ಬಗೆಯದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ತೆರೆದು ‘ಪೆಂಡಿಂಗ್ ಸೆಕ್ಟರ್’ ಮತ್ತು ‘ರೀಅಲೊಕೇಟೆಡ್ ಸೆಕ್ಟರ್’ ಎಂಬ ಸಾಲುಗಳನ್ನು ನೋಡಿ. ಅಲ್ಲಿ ಸೊನ್ನೆಯ ಬದಲು ದೊಡ್ಡ ಅಂಕಿ ಕಂಡರೆ ಮೇಲ್ಮೈ ಕೆಡುತ್ತಿದೆ ಎಂದು ತಿಳಿಯಿರಿ. ಈ ಸ್ಥಿತಿಯಲ್ಲಿ ವಿಂಡೋಸಿನ ರಿಪೇರಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ. ಅದರ ಗುರಿ ಡಿಸ್ಕಿನ ಲೆಕ್ಕಪತ್ರವನ್ನು ಸರಿಮಾಡುವುದು, ನಿಮ್ಮ ಹಾಡನ್ನು ಉಳಿಸುವುದಲ್ಲ. ಓದಲಾಗದ ಫೈಲನ್ನು ಕತ್ತರಿಸಿ, ತುಂಡುಗಳನ್ನು ‘ಫೌಂಡ್.000’ ಎಂಬ ಫೋಲ್ಡರಿಗೆ ಎಸೆದು ‘ಸರಿಯಾಯಿತು’ ಎನ್ನುತ್ತದೆ.

ಬೇಕಾದದ್ದು ಗ್ನೂ ಡಿಡಿರೆಸ್ಕ್ಯೂ. ಲಿನಕ್ಸ್ ಪೆನ್‌ಡ್ರೈವಿನಿಂದ ಓಡಿಸುವ ಉಚಿತ ತಂತ್ರಾಂಶ. ಅದು ಫೈಲುಗಳನ್ನು ನೋಡದೆ ಇಡೀ ಡಿಸ್ಕನ್ನು ಸಾಲಾಗಿ ಇನ್ನೊಂದು ಡಿಸ್ಕಿನ ಮೇಲೆ ಒಂದು ಇಮೇಜ್ ಫೈಲಾಗಿ (ಡಿಸ್ಕಿನ ಪಡಿಯಚ್ಚು) ಇಳಿಸುತ್ತದೆ. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಹಟ ಹಿಡಿದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಫೈಲ್ ಒಂದರಲ್ಲಿ ಬರೆದಿಡುವುದರಿಂದ, ಡಿಸ್ಕ್ ಬಿಸಿಯಾದರೆ ನಿಲ್ಲಿಸಿ, ತಣಿಸಿ, ಮುಂದುವರಿಸಬಹುದು. ಇಮೇಜ್ ಹೋಗುವ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಲಿ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಸಲ ಓದಿ ಎಂಟರ್ ಒತ್ತಿ. ಹಿಂದುಮುಂದಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆಯಲ್ಪಡುತ್ತದೆ. ಮುಂದಿನ ಕೆಲಸವೆಲ್ಲ ಈ ಇಮೇಜಿನ ಮೇಲೆ. ಹಳೆಯ ಡಿಸ್ಕನ್ನು ಎತ್ತಿಡಿ.

ಫೋಲ್ಡರುಗಳೇ ಕಾಣದಿದ್ದರೆ

ಫಾರ್ಮ್ಯಾಟ್ ಆಗಿದೆ, ಅಥವಾ ಫೈಲುಗಳು ಅಳಿಸಿಹೋಗಿವೆ ಎಂದಾದಾಗ ನೆರವಿಗೆ ಬರುವುದು ಫೋಟೋರೆಕ್ ಎಂಬ ತಂತ್ರಾಂಶ. ಹೆಸರು ಫೋಟೋ ಎಂದಿದ್ದರೂ ಹಾಡುಗಳನ್ನೂ ಹೆಕ್ಕುತ್ತದೆ. ಟೆಸ್ಟ್‌ಡಿಸ್ಕ್ ಎಂಬುದರ ಜೊತೆಗೇ ಉಚಿತವಾಗಿ ಸಿಗುತ್ತದೆ. ಡಿಸ್ಕಿನ ಪಾರ್ಟಿಷನ್ (ಸಿ, ಡಿ ಎಂಬಂಥ ವಿಭಾಗ) ಮಾತ್ರ ಕಳೆದುಹೋಗಿದ್ದರೆ ಮೊದಲು ಟೆಸ್ಟ್‌ಡಿಸ್ಕ್ ಪ್ರಯತ್ನಿಸಿ, ಅದು ಫಲಿಸಿದರೆ ಹೆಸರುಗಳ ಸಮೇತ ಎಲ್ಲವೂ ಹಿಂದಿರುಗುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲುಗಳ ಮೇಲೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ.

ಫೋಟೋರೆಕ್‌ನ ಫೈಲ್ ಬಗೆಗಳ ಪಟ್ಟಿಯಲ್ಲಿ ಎಲ್ಲವನ್ನೂ ತೆಗೆದು ಬೇಕಾದವನ್ನು ಮಾತ್ರ ಗುರುತು ಮಾಡಿ. ಎಂಪಿ3 ಮತ್ತು ಫ್ಲ್ಯಾಕ್ ತಮ್ಮ ಹೆಸರಿನಲ್ಲೇ ಇವೆ. ಐಟ್ಯೂನ್ಸಿನ ಎಂ4ಎ ಫೈಲುಗಳು ‘ಎಂಒವಿ’ ಗುಂಪಿನಲ್ಲಿ, ವೇವ್ ಫೈಲುಗಳು ‘ಆರ್‌ಐಎಫ್‌ಎಫ್’ ಗುಂಪಿನಲ್ಲಿ, ಡಬ್ಲ್ಯುಎಂಎ ‘ಎಎಸ್‌ಎಫ್’ ಗುಂಪಿನಲ್ಲಿ ಅಡಗಿವೆ. ಇದು ತಿಳಿಯದವರು ‘ನನ್ನ ಅರ್ಧ ಸಂಗ್ರಹ ಸಿಗಲೇ ಇಲ್ಲ’ ಎಂದುಕೊಂಡು ಎದ್ದುಬಿಡುತ್ತಾರೆ. ಸಿಕ್ಕದ್ದನ್ನು ಯಾವಾಗಲೂ ಬೇರೊಂದು ಡಿಸ್ಕಿಗೇ ಇಳಿಸಿ.

ಡಿಸ್ಕಿನ ಹೊರಗೂ ಹುಡುಕಿ

ಡಿಸ್ಕ್ ಒಂದೆಡೆ ಓಡುತ್ತಿರಲಿ, ಇನ್ನೊಂದೆಡೆ ಡ್ರಾಯರುಗಳನ್ನು ತಡಕಾಡಿ. ಹಳೆಯ ಫೋನಿನ ಮೆಮೊರಿ ಕಾರ್ಡ್, ಕಾರಿನಲ್ಲಿ ಸಿಕ್ಕಿಸಿದ ಪೆನ್‌ಡ್ರೈವ್, ಸ್ನೇಹಿತರಿಗೆ ಕೊಟ್ಟ ಡಿವಿಡಿ, ಯಾವುದನ್ನೂ ಬಿಡಬೇಡಿ.

ಎಲ್ಲಕ್ಕಿಂತ ದೊಡ್ಡ ನಿಧಿ ಐಪಾಡ್, ಎಲ್ಲಕ್ಕಿಂತ ದೊಡ್ಡ ಅಪಾಯವೂ ಅದೇ. ಖಾಲಿ ಐಟ್ಯೂನ್ಸಿಗೆ ಅದನ್ನು ಜೋಡಿಸಿದರೆ ‘ಇದು ಬೇರೊಂದು ಲೈಬ್ರರಿಗೆ ಸೇರಿದ್ದು, ಅಳಿಸಿ ಸಿಂಕ್ ಮಾಡಲೇ?’ ಎಂದು ಕೇಳುತ್ತದೆ. ಹೂಂ ಎಂದರೆ ಮುಗಿಯಿತು. ಐಟ್ಯೂನ್ಸ್ ಇಲ್ಲದ ಕಂಪ್ಯೂಟರಿಗೆ ಜೋಡಿಸುವುದು ಒಳ್ಳೆಯದು. ಅದು ಸಾಧ್ಯವಿಲ್ಲವಾದರೆ ಕೇಬಲ್ ಚುಚ್ಚುವಾಗ ವಿಂಡೋಸಿನಲ್ಲಿ ಶಿಫ್ಟ್ ಮತ್ತು ಕಂಟ್ರೋಲ್, ಮ್ಯಾಕಿನಲ್ಲಿ ಕಮಾಂಡ್ ಮತ್ತು ಆಪ್ಶನ್ ಕೀಲಿಗಳನ್ನು ಒತ್ತಿ ಹಿಡಿದರೆ ತಾನಾಗಿ ಸಿಂಕ್ ಆಗುವುದು ತಪ್ಪುತ್ತದೆ. ಹಳೆಯ ಕ್ಲಾಸಿಕ್, ನ್ಯಾನೋಗಳು ಡ್ರೈವಿನಂತೆ ತೆರೆದುಕೊಳ್ಳುತ್ತವೆ. ಅಡಗಿದ ಫೈಲುಗಳನ್ನು ತೋರಿಸುವಂತೆ ಹೇಳಿದರೆ ‘ಐಪಾಡ್_ಕಂಟ್ರೋಲ್’, ಅದರೊಳಗೆ ‘ಮ್ಯೂಸಿಕ್’, ಅದರೊಳಗೆ ಎಫ್00, ಎಫ್01 ಎಂದು ಸಾಲು ಫೋಲ್ಡರುಗಳು. ಹಾಡುಗಳ ಹೆಸರುಗಳು ಅರ್ಥವಿಲ್ಲದ ನಾಲ್ಕು ಅಕ್ಷರಗಳಾಗಿ ಕಂಡರೆ ಎದೆ ಒಡೆದುಕೊಳ್ಳಬೇಡಿ. ಸಾಮಾನ್ಯವಾಗಿ ಟ್ಯಾಗುಗಳು (ಹಾಡು, ಗಾಯಕರು, ಆಲ್ಬಮಿನ ಹೆಸರುಗಳು) ಫೈಲಿನೊಳಗೆ ಭದ್ರವಾಗಿರುತ್ತವೆ. ಐಫೋನ್ ಮತ್ತು ಐಪಾಡ್ ಟಚ್ ಹೀಗೆ ತೆರೆದುಕೊಳ್ಳುವುದಿಲ್ಲ, ಅವಕ್ಕೆ ಬೇರೆ ತಂತ್ರಾಂಶ ಬೇಕು.

ಕೊಂಡ ಹಾಡುಗಳ ವಿಷಯ ಸುಲಭ. ಐಟ್ಯೂನ್ಸ್ ಅಂಗಡಿಯ ‘ಪರ್ಚೇಸ್ಡ್’ ಪಟ್ಟಿಯಿಂದ, ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪಿನ ‘ಕಲೆಕ್ಷನ್’ ಪುಟದಿಂದ ಮತ್ತೆ ಇಳಿಸಿಕೊಳ್ಳಬಹುದು. ಬ್ಯಾಂಡ್‌ಕ್ಯಾಂಪಿನಲ್ಲಿ ಈ ಬಾರಿ ಫ್ಲ್ಯಾಕ್ ಆರಿಸಿಕೊಳ್ಳಿ. ಐಟ್ಯೂನ್ಸಿನ ಹಾಡುಗಳು 2009ರಿಂದ ನಕಲು ತಡೆಯುವ ಬೀಗವಿಲ್ಲದೆ ಬರುತ್ತಿವೆ. ಅದಕ್ಕೂ ಹಿಂದಿನ ಎಂ4ಪಿ ಫೈಲುಗಳನ್ನು ನುಡಿಸಲು ಕಂಪ್ಯೂಟರಿಗೆ ಅದೇ ಖಾತೆಯ ಅಧಿಕೃತ ಅನುಮತಿ ಬೇಕು, ಅದೂ ಐದು ಯಂತ್ರಗಳ ಮಿತಿಯೊಳಗೆ. ಯೂಟ್ಯೂಬ್ ಮ್ಯೂಸಿಕ್‌ಗೆ ನೀವೇ ಏರಿಸಿದ ಹಾಡುಗಳಿದ್ದರೆ ಗೂಗಲ್ ಟೇಕ್‌ಔಟ್ (ಗೂಗಲ್‌ನಲ್ಲಿರುವ ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಸೇವೆ) ಮೂಲಕ ಅವನ್ನು ಹಿಂದಕ್ಕೆ ತರಿಸಿಕೊಳ್ಳಬಹುದು. ತಿಂಗಳ ಚಂದಾ ಕಟ್ಟಿ ಕೇಳುವ ಹಾಡುಗಳು ಬೇರೆ: ‘ಡೌನ್‌ಲೋಡ್’ ಎಂದು ತೋರಿಸಿದರೂ ಅವು ನಿಮ್ಮ ಫೈಲುಗಳಲ್ಲ. ಅವನ್ನು ಹುಡುಕುತ್ತ ಸಮಯ ಕಳೆಯಬೇಡಿ.

ಹೆಸರಿಲ್ಲದ ಗುಡ್ಡೆ

ಬಹಳ ಮಂದಿ ಕೈಚೆಲ್ಲುವುದು ಇಲ್ಲಿಗೆ ಬಂದಾಗ. ಫೋಟೋರೆಕ್ ಓಡಿ ಮುಗಿದಿದೆ. ರಿಕಪ್_ಡಿರ್ ಎಂಬ ಹೆಸರಿನ ಫೋಲ್ಡರುಗಳ ತುಂಬ ಎಫ್ ಅಕ್ಷರದ ಮುಂದೆ ಅಂಕಿಗಳಿರುವ ಸಾವಿರಾರು ಫೈಲುಗಳು. ಆಲ್ಬಮ್ ಇಲ್ಲ, ಕ್ರಮವಿಲ್ಲ. ಒಂದನ್ನು ಒತ್ತಿದರೆ ಹಾಡು, ಇನ್ನೊಂದನ್ನು ಒತ್ತಿದರೆ ಯಾವುದೋ ಆಟದ ‘ಟಿಂಗ್’ ಸದ್ದು.

ಮೊದಲು ಗಾತ್ರದ ಪ್ರಕಾರ ಜೋಡಿಸಿ, ಒಂದು ಎಂಬಿಗಿಂತ ಚಿಕ್ಕದನ್ನೆಲ್ಲ ಬೇರೊಂದು ಫೋಲ್ಡರಿಗೆ ಸರಿಸಿ. 128 ಕೆಬಿಪಿಎಸ್‌ನಲ್ಲಿ ಒಂದು ನಿಮಿಷದ ಹಾಡೇ ಹೆಚ್ಚುಕಡಿಮೆ ಒಂದು ಎಂಬಿ ಆಗುತ್ತದೆ. ಅದಕ್ಕಿಂತ ಚಿಕ್ಕದರಲ್ಲಿ ಹಾಡಿರುವುದು ಅಪರೂಪ. ಆಮೇಲೆ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಉಳಿದವನ್ನು ತೆರೆಯಿರಿ. ಫೈಲಿನ ಹೆಸರು ಹೋದರೂ ಒಳಗಿನ ಟ್ಯಾಗು ಉಳಿದಿರುತ್ತದೆ. ಎಂಪಿ3ಯಲ್ಲಿ ಹೊಸ ಬಗೆಯ ಟ್ಯಾಗ್ ಫೈಲಿನ ತಲೆಯಲ್ಲಿ, ಹಳೆಯ ಬಗೆಯದು ಬಾಲದ ಕೊನೆಯ 128 ಬೈಟ್‌ಗಳಲ್ಲಿ ಇರುತ್ತದೆ. ಬಾಲದ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ. ಯುಟಿಎಫ್-8ರಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಅಲ್ಲಿ ಕನ್ನಡ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ತಲೆಯ ಟ್ಯಾಗನ್ನೇ ನಂಬಿ. ಟ್ಯಾಗ್ ಸರಿಯಿರುವವನ್ನೆಲ್ಲ ಒಟ್ಟಿಗೆ ಆರಿಸಿ ‘ಟ್ಯಾಗ್‌ನಿಂದ ಫೈಲ್ ಹೆಸರು’ ಎಂಬ ಪರಿವರ್ತನೆ ಒತ್ತಿದರೆ ಗಾಯಕರು, ಆಲ್ಬಮ್, ಹಾಡು ಎಂಬ ಕ್ರಮದಲ್ಲಿ ಕ್ಷಣದಲ್ಲಿ ಹೆಸರು ಬಂದುಬಿಡುತ್ತದೆ. ಹಾಡಿನ ಸಂಖ್ಯೆಯನ್ನು 01, 02 ಎಂದು ಎರಡಂಕಿಯಲ್ಲಿ ಬರೆಯಿಸಿ. ಇಲ್ಲವಾದರೆ ಕೆಲವು ಪ್ಲೇಯರುಗಳಲ್ಲಿ 1 ಆದಮೇಲೆ 2ರ ಬದಲು 10 ಬಂದು ಕೂರುತ್ತದೆ.

ಟ್ಯಾಗೂ ಇಲ್ಲದವಕ್ಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ತಂತ್ರಾಂಶ. ಅದು ಹಾಡನ್ನು ಕೇಳಿ, ಅದರ ಧ್ವನಿಯ ಬೆರಳಚ್ಚು ತೆಗೆದು, ಅಕೂಸ್ಟ್‌ಐಡಿ ಎಂಬ ಸಾರ್ವಜನಿಕ ದತ್ತಾಂಶದಲ್ಲಿ ಹುಡುಕುತ್ತದೆ. ನೋಡಲು ಮಾಯೆಯಂತೆ ಇದ್ದರೂ ಕಡಿವಾಣ ಬೇಕು. ಒಂದೇ ಧ್ವನಿಮುದ್ರಣ ಮೂಲ ಆಲ್ಬಮಿನಲ್ಲಿಯೂ ಹತ್ತಾರು ಸಂಕಲನಗಳಲ್ಲಿಯೂ ಇರುತ್ತದೆ. ಎಲ್ಲವನ್ನೂ ಒಮ್ಮೆಗೇ ಸುರಿದು ‘ಸ್ಕ್ಯಾನ್’ ಒತ್ತಿದರೆ ಒಂದು ಆಲ್ಬಮಿನ ಹತ್ತು ಹಾಡುಗಳು ಆರೇಳು ಸಂಕಲನಗಳಿಗೆ ಹಂಚಿಹೋಗುತ್ತವೆ. ಅದಕ್ಕೇ ಮೊದಲು ‘ಕ್ಲಸ್ಟರ್’, ಆಮೇಲೆ ಆ ಗುಂಪಿಗೆ ‘ಲುಕಪ್’, ಏನೂ ಸಿಗದವಕ್ಕೆ ಮಾತ್ರ ‘ಸ್ಕ್ಯಾನ್’. ಸೆಟ್ಟಿಂಗಿನಲ್ಲಿ ಸಂಕಲನಗಳ ಆದ್ಯತೆಯನ್ನು ತಗ್ಗಿಸಿಡಿ. ‘ಸೇವ್’ ಒತ್ತುವವರೆಗೆ ಅದು ಫೈಲನ್ನು ಮುಟ್ಟುವುದಿಲ್ಲವಾದ್ದರಿಂದ ಒಂದು ಬಾರಿಗೆ ನೂರಿನ್ನೂರು ಹಾಡುಗಳನ್ನಷ್ಟೇ ಹಾಕಿ, ಬಲಬದಿಯ ಆಲ್ಬಮನ್ನು ಕಣ್ಣಾಡಿಸಿ ಒಪ್ಪಿಗೆಯಾದರೆ ಉಳಿಸಿ. ಮನೆಯಲ್ಲಿ ಮುದ್ರಿಸಿದ್ದು ಯಾವ ದತ್ತಾಂಶದಲ್ಲಿಯೂ ಸಿಗುವುದಿಲ್ಲ. ಅವನ್ನು ಕೂತು ಕೇಳಿಯೇ ಗುರುತಿಸಬೇಕು.

ಸಿಕ್ಕಿದ ಹಾಡು ಪೂರ್ತಿ ಇದೆಯೇ?

ಫೋಟೋರೆಕ್ ಹೆಕ್ಕಿದ ಎಂಪಿ3 ಒಂದನ್ನು ನುಡಿಸಿ ನೋಡಿ. ಪಲ್ಲವಿ ಸರಿಯಾಗಿ ಬಂತು, ಚರಣದ ನಡುವೆ ಚಟ್ ಎಂದು ಸದ್ದು, ಅಲ್ಲಿಂದ ಮುಂದೆ ಬೇರೆ ಯಾರದೋ ದನಿಯಲ್ಲಿ ಬೇರೆ ಹಾಡು. ಪ್ಲೇಯರ್ ಒಂದು ದೋಷವನ್ನೂ ತೋರಿಸುವುದಿಲ್ಲ. ಕಾರಣ ಇಷ್ಟೆ: ಎಂಪಿ3 ಎಂದರೆ ಸಾವಿರಾರು ಚಿಕ್ಕ ಫ್ರೇಮುಗಳ ಸಾಲು, ಪ್ರತಿಯೊಂದಕ್ಕೂ ತನ್ನದೇ ತಲೆಬರಹ. ಡಿಸ್ಕಿನಲ್ಲಿ ಫೈಲ್ ತುಂಡುತುಂಡಾಗಿ ಚದುರಿದ್ದರೆ ಮೊದಲ ತುಂಡಿನ ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಹಾಡಿನ ಫ್ರೇಮುಗಳು ಸಾಲಿಗೆ ಸೇರಿಕೊಳ್ಳುತ್ತವೆ, ಪ್ಲೇಯರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಎಲ್ಲವನ್ನೂ ಕೇಳಿ ನೋಡಲು ಯಾರಿಗೂ ಆಗದು. ಪಿಕಾರ್ಡ್ ಗುರುತಿಸಿದ ಹಾಡುಗಳಲ್ಲಿ ನಿಮ್ಮ ಫೈಲಿನ ಅವಧಿಯನ್ನೂ ಆಲ್ಬಮಿನಲ್ಲಿ ದಾಖಲಾದ ಅವಧಿಯನ್ನೂ ಹೋಲಿಸಿ. ಹತ್ತಿಪ್ಪತ್ತು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಅನುಮಾನಿಸಿ. ಗಾತ್ರವೂ ಸುಳಿವು ಕೊಡುತ್ತದೆ: 320 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 40 ಕೆಬಿ, ಐದು ನಿಮಿಷದ ಹಾಡು 12 ಎಂಬಿ. ಫೂಬಾರ್2000 ಎಂಬ ಪ್ಲೇಯರಿನ ಸಮಗ್ರತೆ ಪರೀಕ್ಷೆಯನ್ನು ಇಡೀ ಫೋಲ್ಡರಿನ ಮೇಲೆ ಓಡಿಸಿದರೆ ಮುರಿದ ಫ್ರೇಮುಗಳಿರುವ ಫೈಲುಗಳ ಪಟ್ಟಿ ಕೊಡುತ್ತದೆ. ಫ್ಲ್ಯಾಕ್ ಇಟ್ಟುಕೊಂಡವರು ಇಲ್ಲಿ ಪುಣ್ಯವಂತರು. ಸಾಮಾನ್ಯವಾಗಿ ಮೂಲ ಧ್ವನಿಯ ಎಂಡಿ5 ಮೊತ್ತ (ಧ್ವನಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಫೈಲಿನೊಳಗೇ ಇರುವುದರಿಂದ ಸರಿಯೋ ತಪ್ಪೋ ಎಂಬುದಕ್ಕೆ ಖಚಿತ ಉತ್ತರ ಸಿಗುತ್ತದೆ.

ನಕಲುಗಳು ಬೇಕಾದಷ್ಟು ಇರುತ್ತವೆ: ಡಿಸ್ಕಿನಿಂದ ಒಂದು, ಐಪಾಡಿನಿಂದ ಒಂದು, ಅಂಗಡಿಯಿಂದ ಮತ್ತೊಂದು. ಪರೀಕ್ಷೆ ಮುಗಿಯುವ ಮುನ್ನ ನಕಲು ಅಳಿಸಬೇಡಿ. ದೊಡ್ಡ ಫೈಲೇ ಒಳ್ಳೆಯದು ಎಂದೂ ಅಲ್ಲ. ಬಾಲಕ್ಕೆ ಇನ್ನೊಂದು ಹಾಡು ಅಂಟಿಕೊಂಡಿದ್ದರೂ ಅದು ದೊಡ್ಡದಾಗಿಯೇ ಕಾಣುತ್ತದೆ.

ಪ್ಲೇಲಿಸ್ಟುಗಳು

ಹಳೆಯ ಐಟಿಎಲ್ ಫೈಲ್ ಕೈಯಲ್ಲಿದ್ದರೆ ಹಾಡುಗಳನ್ನು ಮೊದಲಿದ್ದ ಡ್ರೈವಿನ ಅದೇ ಅಕ್ಷರ, ಅದೇ ಫೋಲ್ಡರಿನಲ್ಲಿ ಇಟ್ಟುಬಿಡಿ. ವಿಂಡೋಸಿನಲ್ಲಿ ಶಿಫ್ಟ್, ಐಟ್ಯೂನ್ಸ್ ಇರುವ ಹಳೆಯ ಮ್ಯಾಕಿನಲ್ಲಿ ಆಪ್ಶನ್ ಹಿಡಿದು ಐಟ್ಯೂನ್ಸ್ ತೆರೆದು ಆ ಲೈಬ್ರರಿಯನ್ನು ತೋರಿಸಿದರೆ ನಕ್ಷತ್ರಗಳ ಸಮೇತ ಎಲ್ಲವೂ ಬರುತ್ತದೆ. ಎಂ3ಯು ಪ್ಲೇಲಿಸ್ಟುಗಳು ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ವಿಳಾಸದ ಜಾಗದಲ್ಲಿ ಹೊಸದನ್ನು ಒಮ್ಮೆಗೇ ಬದಲಾಯಿಸಿ.

ಕೊನೆಯ ಕೆಲಸ

ಸಂಗ್ರಹ ಒಂದು ರೂಪಕ್ಕೆ ಬಂದೊಡನೆ ಅದರ ಇನ್ನೆರಡು ಪ್ರತಿ ಮಾಡಿ, ಒಂದನ್ನು ಮನೆಯ ಹೊರಗೆ ಇಡಿ. ಸಿಂಕ್ ಮಾಡುವ ಸೇವೆಯನ್ನು ಬ್ಯಾಕಪ್ ಎಂದು ಎಣಿಸಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಪ್ರತಿಯಿಂದ ಒಂದೆರಡು ಆಲ್ಬಮ್‌ಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನುಡಿಸಿ ನೋಡಿ.

ಹಳೆಯ ಡಿಸ್ಕನ್ನೂ ಡಿಡಿರೆಸ್ಕ್ಯೂ ಇಮೇಜನ್ನೂ ಕೆಲವು ತಿಂಗಳು ಹಾಗೆಯೇ ಇಟ್ಟುಕೊಂಡಿರಿ. ಹಾಳೆಯಲ್ಲಿ ಬರೆಯಲು ಮರೆತ ಹಾಡೊಂದು ನೆನಪಾಗುವುದು ಸಾಮಾನ್ಯವಾಗಿ ಆಮೇಲೆಯೇ. ಬಿಸಾಡುವ ದಿನ ಬಂದಾಗ, ಓಡುವ ಡಿಸ್ಕಾದರೆ ಪೂರ್ತಿ ಅಳಿಸಿ, ಓಡದ ಡಿಸ್ಕಾದರೆ ತಟ್ಟೆಗೆ ರಂಧ್ರ ಕೊರೆದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಅದರಲ್ಲಿ ಇದ್ದದ್ದು ಹಾಡುಗಳಷ್ಟೇ ಅಲ್ಲ, ಬ್ಯಾಂಕಿನ ಕಾಗದಪತ್ರಗಳೂ ಪಾಸ್‌ವರ್ಡುಗಳೂ ಇದ್ದವು.